ಘಟ್ಟದ ಮೇಲೆ, ಘಟ್ಟದ ಕೆಳಗೆ: ಜನರ ಓಡಾಟದ ನಕ್ಷೆ ಮಾಡುವುದು ಹೇಗೆ

ಉತ್ತರ ಕನ್ನಡ ಜಿಲ್ಲೆಯ ತದಡಿಯ ಜೆಟ್ಟಿಯಲ್ಲಿ ನಿಂತರೆ ನದಿಯ ಆಚೆ ದಡದಲ್ಲಿ ಅಘನಾಶಿನಿ ಊರು ಕಣ್ಣಿಗೇ ಕಾಣುತ್ತದೆ. ದೋಣಿ ಹತ್ತಿದರೆ ಕೆಲವೇ ನಿಮಿಷ. ರಸ್ತೆ ಹಿಡಿದು ಹೋಗುವುದಾದರೆ ಮಾದನಗೇರಿಗೆ ಬಂದು, ಹೆದ್ದಾರಿ ಸೇರಿ, ಮಿರ್ಜಾನ ದಾಟಿ, ಕುಮಟಾ ಮುಟ್ಟಿ, ಅಲ್ಲಿಂದ ಮತ್ತೆ ಸಮುದ್ರದ ಕಡೆ ತಿರುಗಬೇಕು, ಹತ್ತಾರು ಕಿಲೋಮೀಟರ್ ಸುತ್ತು. ಹಾಗಾದರೆ ಈ ಎರಡು ಊರು ಹತ್ತಿರವೋ ದೂರವೋ? ಯಾರು ಹೋಗುತ್ತಿದ್ದಾರೆ, ಯಾವ ತಿಂಗಳಲ್ಲಿ, ಎಷ್ಟು ಹೊತ್ತಿಗೆ, ಕೈಯಲ್ಲಿ ಏನಿದೆ, ಇಷ್ಟು ಗೊತ್ತಾಗದೆ ಉತ್ತರ ಹೇಳಕ್ಕೆ ಆಗಲ್ಲ. ಮೀನಿನ ಬುಟ್ಟಿ ಹೊತ್ತವರಿಗೆ ಒಂದು ಉತ್ತರ, ಹೆರಿಗೆ ನೋವು ಬಂದವರಿಗೆ ಇನ್ನೊಂದು.

ಮಾನವ ಭೂಗೋಳದಲ್ಲಿ ಜಾಗದ ಬಗ್ಗೆ ಯೋಚಿಸುವುದು ಅಂದರೆ ಇದೇ. ಪಾಠದಲ್ಲಿ ಇದನ್ನು ದೊಡ್ಡ ದೊಡ್ಡ ಮಾತಿನಲ್ಲಿ ಹೇಳುತ್ತಾರೆ, ಆದರೆ ಉತ್ತರ ಕನ್ನಡದಲ್ಲಿ ಹುಟ್ಟಿ ಬೆಳೆದವರಿಗೆ ಇದು ದಿನಾ ಕಾಣುವ ಸಂಗತಿ. ನಡುವೆ ಘಟ್ಟ, ಅಡ್ಡಕ್ಕೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಇಲ್ಲಿ ನೇರ ಗೆರೆಯ ಲೆಕ್ಕ ನಂಬಿದವರ ನಕ್ಷೆ ತಪ್ಪೇ ಆಗುತ್ತದೆ. ಕಾಲೇಜಿನಲ್ಲಿ ಭೂಗೋಳ ಓದುವವರು, ಪಾಠ ಮಾಡುವ ಮೇಷ್ಟ್ರು, ಅಕ್ಕೋರು, ಪಂಚಾಯ್ತಿ ಸದಸ್ಯರು, ಅಥವಾ ಸುಮ್ನೆ ತಮ್ಮೂರಿನ ಬಗ್ಗೆ ಕಾಳಜಿ ಇರುವ ಯಾರು ಬೇಕಾದರೂ ತಮ್ಮ ಊರಿನ ಒಂದು ನಿಜವಾದ ನಕ್ಷೆ ಮಾಡಬಹುದು. ಒಂದು ಲ್ಯಾಪ್‌ಟಾಪ್, ಒಂದು ಫೋನ್, ಓಡಾಡಲು ಕಾಲು ಇದ್ದರೆ ಸಾಕು. ಬೇಕಾದ ತಂತ್ರಾಂಶವೆಲ್ಲ ಉಚಿತ.

ಮೊದಲು ಪ್ರಶ್ನೆ, ಆಮೇಲೆ ಕಂಪ್ಯೂಟರ್

ಜಾಸ್ತಿ ಜನ ತಂತ್ರಾಂಶ ಇಳಿಸಿಕೊಂಡು ಕೂರುತ್ತಾರೆ, ಆಮೇಲೆ ಏನು ಮಾಡೋಣ ಅಂತ ಯೋಚಿಸುತ್ತಾರೆ. ಉಲ್ಟಾ ಮಾಡಿ. "ಉತ್ತರ ಕನ್ನಡದ ಜನಜೀವನ" ಅನ್ನುವುದು ಪ್ರಶ್ನೆಯೇ ಅಲ್ಲ. "ನಮ್ಮ ಪಂಚಾಯ್ತಿಯ ಯಾವ ಮಜರೆಯವರಿಗೆ (ಮಜರೆ ಅಂದರೆ ಗ್ರಾಮದೊಳಗಿನ ಪುಟ್ಟ ಊರು) ಆಸ್ಪತ್ರೆಗೆ ಹೋಗಲು ಎಲ್ಲಕ್ಕಿಂತ ಜಾಸ್ತಿ ಹೊತ್ತು ಬೇಕು, ಮಳೆಗಾಲದಲ್ಲಿ ಅದು ಎಷ್ಟಾಗುತ್ತದೆ?" ಇದು ಪ್ರಶ್ನೆ. ಇದರಲ್ಲಿ ಜಾಗ ಇದೆ, ಜನ ಇದ್ದಾರೆ, ಹೋಲಿಸಲು ಎರಡು ಕಾಲ ಇದೆ.

ಯಾವ ವಿಷಯ ಹಿಡಿದರೂ ನಾಲ್ಕು ಮಾತು ಕೇಳಿಕೊಳ್ಳಿ. ಇದು ಎಲ್ಲಿದೆ? ಅಲ್ಲೇ ಯಾಕಿದೆ, ಪಕ್ಕದಲ್ಲಿ ಯಾಕಿಲ್ಲ? ಯಾವ ಊರಿನ ಜತೆ ಇದಕ್ಕೆ ನಂಟು? ಇದರಿಂದ ಯಾರಿಗೆ ಹತ್ತಿರವಾಯ್ತು, ಯಾರಿಗೆ ದೂರ ಉಳಿಯಿತು? ಕೊಂಕಣ ರೈಲ್ವೆಯನ್ನೇ ತಗೊಳ್ಳಿ. 1998ರ ಜನವರಿ 26ಕ್ಕೆ ಪೂರ್ತಿ ಮಾರ್ಗ ಶುರುವಾಯಿತು. ಹಳಿ ಕರಾವಳಿಯ ಉದ್ದಕ್ಕೆ ಹೋಗುತ್ತದೆ, ಘಟ್ಟ ಹತ್ತುವುದಿಲ್ಲ. ಕಾರವಾರದಿಂದ ಮಡಗಾಂವ್, ಮಂಗಳೂರು ಕಡೆಗೆ ಓಡಾಡುವುದು ಸಲೀಸಾಯಿತು. ಅದೇ ಹುಬ್ಬಳ್ಳಿಗೆ ಹೋಗಬೇಕು ಅಂದರೆ ಇವತ್ತಿಗೂ ಹೆಚ್ಚಿನವರು ಅರೆಬೈಲ್ ಘಟ್ಟವನ್ನೇ ಹತ್ತುತ್ತಾರೆ. ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತು ದಶಕಗಳಿಂದ ಮಾತಾಗಿಯೇ ಉಳಿದಿದೆ. ಉದ್ದಕ್ಕೆ ಹೋಗುವವರಿಗೆ ಊರುಗಳು ಹತ್ತಿರ ಬಂದವು, ಅಡ್ಡಕ್ಕೆ ಹೋಗುವವರಿಗೆ ಇದ್ದಲ್ಲೇ ಇವೆ. ಸ್ಟೇಷನ್ ಎಲ್ಲಿದೆ ಅಂತಲೂ ನೋಡಿ. ಕಾರವಾರದ್ದು ಪೇಟೆಯಲ್ಲಿಲ್ಲ, ಶಿರವಾಡದಲ್ಲಿದೆ. ಗೋಕರ್ಣ ರೋಡ್ ಸ್ಟೇಷನ್‌ನಲ್ಲಿ ಇಳಿದವರು ಗೋಕರ್ಣಕ್ಕೆ ಇನ್ನೊಂದು ಗಾಡಿ ಹುಡುಕಬೇಕು. ರೈಲಿನ ಟಿಕೆಟ್ ದರಕ್ಕೆ ಆ ರಿಕ್ಷಾದ ದರವನ್ನೂ ಸೇರಿಸಿದರೆ ಮಾತ್ರ ಓಡಾಟದ ಪೂರ್ತಿ ಲೆಕ್ಕ ಸಿಗುತ್ತದೆ.

ಆಸ್ಪತ್ರೆಯ ವಿಷಯವೂ ಹಾಗೇ. ದೊಡ್ಡ ಕಾಯಿಲೆ ಬಂದರೆ ಭಟ್ಕಳ, ಹೊನ್ನಾವರದ ಕಡೆಯವರು ಮಣಿಪಾಲ, ಮಂಗಳೂರಿಗೆ ಓಡುತ್ತಾರೆ, ಕಾರವಾರದವರು ಗೋವಾಕ್ಕೆ, ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿಗೆ. ಜಿಲ್ಲೆ ಒಂದೇ, ಆಂಬುಲೆನ್ಸ್ ಹೋಗುವ ದಿಕ್ಕು ಮೂರು. ಆಡಳಿತದ ಗಡಿ ಬೇರೆ, ಜನರ ಓಡಾಟದ ಗಡಿ ಬೇರೆ. ಮೊದಲನೆಯದು ಸರ್ಕಾರದ ನಕ್ಷೆಯಲ್ಲಿ ಸಿಗುತ್ತದೆ. ಎರಡನೆಯದನ್ನು ನಾವೇ ಬರೆಯಬೇಕು.

ಕಾಗದದ ನಕ್ಷೆ ಓದಲು ಕಲಿಯಿರಿ

ಸ್ಕ್ರೀನ್ ಮುಂದೆ ಕೂರುವ ಮೊದಲು ನಿಮ್ಮೂರಿನ ಟೋಪೋಶೀಟ್ (ನೆಲದ ಏರುತಗ್ಗು, ರಸ್ತೆ, ನದಿ ತೋರಿಸುವ ನಕ್ಷೆ) ಒಂದನ್ನು ಎದುರಿಗೆ ಹರಡಿಕೊಳ್ಳಿ. 1767ರಿಂದ ಇರುವ ಸರ್ವೆ ಆಫ್ ಇಂಡಿಯಾದ ನಕ್ಷೆಗಳು ಇವು. ಅವರ ಜಾಲತಾಣದಲ್ಲಿ ಹೆಸರು ನೋಂದಾಯಿಸಿದರೆ ಸಾರ್ವಜನಿಕರಿಗೆ ಇರುವ ಶೀಟುಗಳನ್ನು ಪಿಡಿಎಫ್ ಆಗಿ ಇಳಿಸಿಕೊಳ್ಳಬಹುದು. ನಮಗೆ ಬೇಕಾಗಿರುವುದು 1:50,000 ಅಳತೆಯದು. ಅಂದರೆ ನಕ್ಷೆಯ 2 ಸೆಂಟಿಮೀಟರ್ ನೆಲದ ಮೇಲೆ 1 ಕಿಲೋಮೀಟರ್. ಒಂದು ಶೀಟು ಅಕ್ಷಾಂಶದಲ್ಲಿ 15 ನಿಮಿಷ, ರೇಖಾಂಶದಲ್ಲಿ 15 ನಿಮಿಷ. ನಮ್ಮ ಕಡೆ ಅದು ಹೆಚ್ಚೂಕಡಿಮೆ 27 ಕಿಲೋಮೀಟರ್ ಉದ್ದ ಅಗಲದ ಚೌಕ.

ಕಂದು ಗೆರೆಗಳು ಎತ್ತರ ಹೇಳುತ್ತವೆ. ಒಂದು ಗೆರೆಗೂ ಪಕ್ಕದ ಗೆರೆಗೂ 20 ಮೀಟರ್ ಅಂತರ. ಈಗ ಕುಮಟಾ–ಶಿರಸಿ ರಸ್ತೆಯನ್ನು ಹುಡುಕಿ, ದೇವಿಮನೆ ಘಟ್ಟದ ಹತ್ತಿರ ಬೆರಳು ಇಡಿ. ಕಂದು ಗೆರೆಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ ಇರುತ್ತವೆ. 1 ಸೆಂಟಿಮೀಟರ್ ಒಳಗೆ 10 ಗೆರೆ ಸಿಕ್ಕಿದವು ಅಂದುಕೊಳ್ಳಿ, ಅಂದರೆ 500 ಮೀಟರ್ ಮುಂದೆ ಹೋಗುವಷ್ಟರಲ್ಲಿ ನೆಲ ಸುಮಾರು 200 ಮೀಟರ್ ಎದ್ದಿದೆ. ಬಸ್ಸು ನೇರ ಹತ್ತಲ್ಲ, ಅದಕ್ಕೇ ರಸ್ತೆ ಸುತ್ತಿ ಸುತ್ತಿ ಹೋಗುತ್ತದೆ. ಒಂದು ದಾರವನ್ನು ರಸ್ತೆಯ ತಿರುವುಗಳ ಮೇಲೇ ಕೂರಿಸಿ ಅಳೆಯಿರಿ, ಆಮೇಲೆ ಅದೇ ಎರಡು ತುದಿಗಳ ನಡುವೆ ಸ್ಕೇಲ್ ಇಟ್ಟು ಅಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಎಷ್ಟು ಸುತ್ತು ಅಂತ ಗೊತ್ತಾಗುತ್ತದೆ. ಕುಮಟಾದಿಂದ ಶಿರಸಿಗೆ ನೇರ ಗೆರೆ 50 ಕಿಲೋಮೀಟರ್ ಆಸುಪಾಸು, ರಸ್ತೆ 60ರ ಆಸುಪಾಸು, ಭಾಗಿಸಿದರೆ 1.2 ಬರುತ್ತದೆ. ಅಷ್ಟೇನಾ ಅನಿಸುತ್ತದೆ ಅಲ್ವಾ? ಆದರೆ ಘಟ್ಟದ ತುಂಡನ್ನು ಮಾತ್ರ ಬೇರೆ ಮಾಡಿ ಅಳೆಯಿರಿ, ಆ ಸಂಖ್ಯೆ ಏರುತ್ತದೆ. ಇಡೀ ದಾರಿಯ ಸರಾಸರಿಯಲ್ಲಿ ಘಟ್ಟವೇ ಮಾಯವಾಗಿಬಿಟ್ಟಿರುತ್ತದೆ. ಸರಾಸರಿ ಮಾಡುವ ಈ ಕಿತಾಪತಿ ಮುಂದೆ ಬಣ್ಣದ ನಕ್ಷೆಯಲ್ಲೂ ಬರುತ್ತದೆ.

ಹಳೇ ಶೀಟು ಎಲ್ಲಾದರೂ ಸಿಕ್ಕಿದರೆ ಬಿಡಬೇಡಿ. ಕಾಲುದಾರಿಗಳು, ದೋಣಿ ದಾಟುವ ಜಾಗಗಳು, ಈಗ ಯಾರೂ ಕರೆಯದ ಮಜರೆಗಳ ಹೆಸರು, ಎಲ್ಲ ಅದರಲ್ಲಿ ಇರುತ್ತವೆ.

ಮಜರೆಗಳ ಪಟ್ಟಿ

ಸರ್ಕಾರದ ಲೆಕ್ಕದಲ್ಲಿ ಕಂದಾಯ ಗ್ರಾಮ ಒಂದು ಘಟಕ. ಆದರೆ ನಮ್ಮ ಕಡೆ ಒಂದು ಗ್ರಾಮ ಅಂದರೆ ಗುಡ್ಡದ ಆಚೆ ನಾಲ್ಕು ಮನೆ, ಹಳ್ಳದ ಈಚೆ ಹತ್ತು ಮನೆ, ತೋಟದ ತಲೆಯಲ್ಲಿ ಎರಡು ಮನೆ. ಗ್ರಾಮದ ಮಧ್ಯಕ್ಕೆ ಒಂದು ಚುಕ್ಕೆ ಇಟ್ಟು ಅಳೆದರೆ ಆ ಚುಕ್ಕೆ ಕಾಡಿನ ನಡುವೆ, ಯಾರೂ ಇಲ್ಲದ ಕಡೆ ಬಿದ್ದಿರುತ್ತದೆ. ಹಾಗಾಗಿ ಮಜರೆ, ಕೇರಿ, ಕೊಪ್ಪಗಳ ಮಟ್ಟಕ್ಕೆ ಇಳಿಯಬೇಕು. ಈ ಪಟ್ಟಿ ಯಾವ ಜಾಲತಾಣದಲ್ಲೂ ಸಿದ್ಧವಾಗಿ ಸಿಗಲ್ಲ. ಆಶಾ ಕಾರ್ಯಕರ್ತೆ, ಅಂಗನವಾಡಿ ಅಕ್ಕೋರು, ಪೋಸ್ಟ್‌ಮನ್, ಬೈಕಿನಲ್ಲಿ ಮೀನು ತರುವವರು, ಇವರ ತಲೆಯಲ್ಲಿ ಪೂರ್ತಿ ನಕ್ಷೆ ಇರುತ್ತದೆ. ಅವರ ಜತೆ ಒಂದು ಚಹಾ ಕುಡಿದು ಕೇಳಿ.

ಎಕ್ಸೆಲ್‌ನಲ್ಲೋ ಗೂಗಲ್ ಶೀಟ್‌ನಲ್ಲೋ ಕಾಲಂ ಮಾಡಿಕೊಳ್ಳಿ: ಕ್ರಮಸಂಖ್ಯೆ, ಮಜರೆಯ ಹೆಸರು, ಯಾವ ಕಂದಾಯ ಗ್ರಾಮ, ಅಕ್ಷಾಂಶ, ರೇಖಾಂಶ, ಮನೆ ಎಷ್ಟು, ಗಾಡಿ ರಸ್ತೆ ಎಲ್ಲಿವರೆಗೆ, ನಡುವೆ ಕಾಲುಸಂಕ (ನಡೆದು ದಾಟುವ ಕಿರುಸೇತುವೆ) ಅಥವಾ ದೋಣಿ ಇದೆಯಾ, ಬೇಸಿಗೆಯಲ್ಲಿ ಆಸ್ಪತ್ರೆಗೆ ಎಷ್ಟು ನಿಮಿಷ, ಮಳೆಗಾಲದಲ್ಲಿ ಎಷ್ಟು, ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ಮಾಹಿತಿ ಪಡೆದ ದಿನ.

ಕೊನೆಯ ಬಸ್ಸಿನ ಕಾಲಂ ಬಿಡಬೇಡಿ. 1970ರಲ್ಲಿ ಸ್ವೀಡನ್ನಿನ ಭೂಗೋಳ ಪಂಡಿತ ಟಾರ್ಸ್ಟೆನ್ ಹಾಗರ್‌ಸ್ಟ್ರಾಂಡ್ ಒಂದು ಮುಖ್ಯ ಮಾತು ಹೇಳಿದರು. ಮನುಷ್ಯ ಎಲ್ಲಿಗೆ ಹೋಗಬಲ್ಲ ಅನ್ನುವುದನ್ನು ಜಾಗ ಒಂದೇ ತೀರ್ಮಾನ ಮಾಡಲ್ಲ, ಹೊತ್ತೂ ಸೇರಿ ಮಾಡುತ್ತದೆ ಅಂತ. ಸಂಜೆ ಐದೂವರೆಗೆ ಕೊನೆಯ ಬಸ್ಸು ಅಂದುಕೊಳ್ಳಿ. ಆ ಊರಿನ ಹುಡುಗಿಗೆ ಐದಕ್ಕೆ ಶುರುವಾಗುವ ಕಂಪ್ಯೂಟರ್ ಕ್ಲಾಸು ಪೇಟೆಯಲ್ಲಿ ಇದ್ದೂ ಇಲ್ಲದ ಹಾಗೆ. ಕಟ್ಟಡ ನಕ್ಷೆಯಲ್ಲಿ ಇರುತ್ತದೆ, ಅವಳ ಜಗತ್ತಿನಲ್ಲಿ ಇರಲ್ಲ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಹೆಣ್ಣುಮಕ್ಕಳ ಓದು ಎಲ್ಲಿಗೆ ನಿಂತಿತು ಅಂತ ಹುಡುಕುತ್ತಾ ಹೋದರೆ ಬಸ್ಸಿನ ವೇಳಾಪಟ್ಟಿಯನ್ನೂ ತೆಗೆದು ನೋಡಬೇಕಾಗುತ್ತದೆ. ಈ ವಿಷಯಕ್ಕೆ ಸಿಗಬೇಕಾದ ಗಮನ ಇನ್ನೂ ಸಿಕ್ಕಿಲ್ಲ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಜನರನ್ನು ಕೇಳುವಾಗ "ಎಷ್ಟು ಕಿಲೋಮೀಟರ್" ಅಂತ ಕೇಳಬೇಡಿ. ಅದಕ್ಕೆ ಬರುವ ಉತ್ತರ ಅಂದಾಜಿನದು. "ಹೋದ ಮಳೆಗಾಲದಲ್ಲಿ ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗೋ ಪ್ರಸಂಗ ಬಂದಿತ್ತಾ? ಹೇಗೆ ಹೋದ್ರಿ? ಮನೆ ಬಿಟ್ಟಾಗ ಎಷ್ಟು ಗಂಟೆ, ಮುಟ್ಟಿದಾಗ ಎಷ್ಟು?" ಅಂತ ಕೇಳಿ. ಎಲ್ಲಿವರೆಗೆ ಕುರ್ಚಿಯಲ್ಲಿ ಹೊತ್ತು ತಂದರು, ಜೀಪು ಎಲ್ಲಿ ಸಿಕ್ಕಿತು, ಸಂಕ ಮುಳುಗಿತ್ತಾ, ಎಲ್ಲ ತಾನಾಗೇ ಹೊರಗೆ ಬರುತ್ತದೆ.

ಅಕ್ಷಾಂಶ ರೇಖಾಂಶಕ್ಕೆ ಫೋನಿನ ಜಿಪಿಎಸ್ ಸಾಕು. ಬಯಲಲ್ಲಿ ಕೆಲವೇ ಮೀಟರ್ ಹೆಚ್ಚುಕಮ್ಮಿ ಬರುತ್ತದೆ, ಅಡಿಕೆ ತೋಟದೊಳಗೆ ಅಥವಾ ದಟ್ಟ ಮರದಡಿ ಅದು ಇನ್ನೂ ಜಾಸ್ತಿ. ಅಂಗಳದ ಬಯಲಿಗೆ ಬಂದು, ಸ್ವಲ್ಪ ಹೊತ್ತು ನಿಂತು, ನಿಖರತೆಯ ಅಂಕಿ ಇಳಿದ ಮೇಲೆ ಬರೆದುಕೊಳ್ಳಿ. ದಶಾಂಶದ ನಂತರ ಐದು ಅಂಕಿ ಸಾಕು. ಐದನೆಯ ಅಂಕಿ ಅಂದರೆ ಸುಮಾರು ಒಂದು ಮೀಟರ್, ಅದಕ್ಕಿಂತ ಜಾಸ್ತಿ ಬರೆದರೆ ಏನೂ ಉಪಯೋಗ ಇಲ್ಲ. ಜೋಯಿಡಾ ಕಡೆಯ ಕಾಡೂರುಗಳಲ್ಲಿ, ಶಿರಸಿಯ ಒಳಹಳ್ಳಿಗಳಲ್ಲಿ ನೆಟ್‌ವರ್ಕ್ ನಂಬಿಕೊಂಡು ಹೋಗಬೇಡಿ. ಕೋಬೋ ಅಥವಾ ಕ್ಯೂಫೀಲ್ಡ್ ಆ್ಯಪ್ ಹಾಕಿಕೊಂಡರೆ ನೆಟ್‌ವರ್ಕ್ ಇಲ್ಲದೆಯೂ ತುಂಬಿಸಬಹುದು, ಆಮೇಲೆ ಮನೆಗೆ ಬಂದು ಕಳಿಸಬಹುದು.

ಕ್ಯೂಜಿಐಎಸ್ ಒಳಗೆ

ಪಟ್ಟಿಯನ್ನು ಸಿಎಸ್‌ವಿ ಆಗಿ ಉಳಿಸಿ. ಕನ್ನಡ ಅಕ್ಷರ ಇರುವುದರಿಂದ ಯುಟಿಎಫ್-8 ಅನ್ನುವ ಅಕ್ಷರ ಸಂಕೇತವನ್ನೇ ಆರಿಸಬೇಕು, ಇಲ್ಲದಿದ್ದರೆ ಮಜರೆಗಳ ಹೆಸರೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗಿಬಿಡುತ್ತವೆ. ನಕ್ಷೆ ಮಾಡುವ ಉಚಿತ ತಂತ್ರಾಂಶ ಕ್ಯೂಜಿಐಎಸ್ ತೆರೆದು ಎಡಗಡೆ ಬ್ರೌಸರ್ ಪಟ್ಟಿಯಲ್ಲಿ ಎಕ್ಸ್‌ವೈಝಡ್ ಟೈಲ್ಸ್ ಒಳಗಿನ ಓಪನ್‌ಸ್ಟ್ರೀಟ್‌ಮ್ಯಾಪ್ ಒತ್ತಿ, ಜನರೇ ಸೇರಿ ಮಾಡಿದ ಆ ಉಚಿತ ನಕ್ಷೆ ಹಿನ್ನೆಲೆಯಾಗಿ ಬರುತ್ತದೆ. ಆಮೇಲೆ ಲೇಯರ್ ಮೆನುವಿನಲ್ಲಿ ಆಡ್ ಲೇಯರ್, ಅದರಲ್ಲಿ ಆಡ್ ಡಿಲಿಮಿಟೆಡ್ ಟೆಕ್ಸ್ಟ್ ಲೇಯರ್. ಎಕ್ಸ್ ಜಾಗಕ್ಕೆ ರೇಖಾಂಶ, ವೈ ಜಾಗಕ್ಕೆ ಅಕ್ಷಾಂಶ. ಕಾರವಾರ ಅಂದರೆ ಅಕ್ಷಾಂಶ 14.8, ರೇಖಾಂಶ 74.1. ಎರಡನ್ನೂ ಅದಲುಬದಲು ಮಾಡಿದರೆ ನಿಮ್ಮ ಮಜರೆಗಳೆಲ್ಲ ನಾರ್ವೆಯ ಉತ್ತರಕ್ಕೆ ಸಮುದ್ರದಲ್ಲಿ ಕಾಣುತ್ತವೆ. ಕಂಡರೆ ಗಾಬರಿ ಬೇಡ, ಎಕ್ಸ್ ವೈ ತಿರುಗಿಸಿ ಹಾಕಿ.

ಇಲ್ಲಿ ಒಂದು ಹೆಜ್ಜೆಯನ್ನು ಎಲ್ಲರೂ ಹಾರಿಸುತ್ತಾರೆ. ಜಿಪಿಎಸ್ ಕೊಡುವ ಅಂಕಿ ಡಿಗ್ರಿಯಲ್ಲಿ ಇರುತ್ತದೆ, ನಕ್ಷೆಯ ಅಳತೆ ಪದ್ಧತಿಗಳಿಗೆ ಇರುವ ಸಂಖ್ಯೆಗಳಲ್ಲಿ ಅದು ಇಪಿಎಸ್‌ಜಿ 4326. ಅದರ ಮೇಲೇ ಕುಳಿತು "ಸುತ್ತ 1 ಕಿಲೋಮೀಟರ್ ವೃತ್ತ ಹಾಕು" ಅಂತ ಬಫರ್ ಕೊಟ್ಟು 1 ಅಂತ ಬರೆದರೆ ಅದು 1 ಡಿಗ್ರಿ ಅಂತ ತಿಳಿದುಕೊಂಡು ಸುಮಾರು 110 ಕಿಲೋಮೀಟರ್ ತ್ರಿಜ್ಯದ ವೃತ್ತ ಹಾಕುತ್ತದೆ, ಇಡೀ ಜಿಲ್ಲೆಯೇ ಒಳಗೆ ಬಿದ್ದಿರುತ್ತದೆ. ಲೇಯರ್ ಮೇಲೆ ರೈಟ್ ಕ್ಲಿಕ್ ಮಾಡಿ, ಎಕ್ಸ್‌ಪೋರ್ಟ್ ಒತ್ತಿ, ಇಪಿಎಸ್‌ಜಿ 32643ಕ್ಕೆ ಬದಲಿಸಿ ಹೊಸ ಕಡತವಾಗಿ ಉಳಿಸಿ. ಅದು ನೆಲವನ್ನು ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43 ಉತ್ತರ ವಲಯ, 72ರಿಂದ 78 ಡಿಗ್ರಿ ರೇಖಾಂಶದವರೆಗೆ. ನಮ್ಮ ಜಿಲ್ಲೆ ಪೂರ್ತಿ ಅದರೊಳಗೇ ಬರುತ್ತದೆ. ಇನ್ನು ಮೇಲೆ ಅಳತೆಯೆಲ್ಲ ಮೀಟರಿನಲ್ಲಿ.

ಈಗ ಒಂದು ಪ್ರಯೋಗ ಮಾಡಿ. ತಾಲೂಕು ಆಸ್ಪತ್ರೆಗಳನ್ನು ಚುಕ್ಕೆಯಾಗಿ ಹಾಕಿ, ವೆಕ್ಟರ್ ಮೆನುವಿನ ಜಿಯೋಮೆಟ್ರಿ ಟೂಲ್ಸ್‌ನಲ್ಲಿ ವೊರೊನೊಯ್ ಪಾಲಿಗನ್ಸ್ ಒತ್ತಿ. ನೇರ ಗೆರೆಯ ಪ್ರಕಾರ ಯಾವ ಜಾಗಕ್ಕೆ ಯಾವ ಆಸ್ಪತ್ರೆ ಹತ್ತಿರ ಅಂತ ಅದು ಜಿಲ್ಲೆಯನ್ನು ತುಂಡು ಮಾಡಿ ಕೊಡುತ್ತದೆ. ನೋಡಲು ಅಚ್ಚುಕಟ್ಟು. ಈಗ ನಿಮ್ಮ ಪಟ್ಟಿಯಲ್ಲಿ ಜನ ನಿಜವಾಗಿ ಹೋಗುವ ಆಸ್ಪತ್ರೆಯ ಹೆಸರನ್ನು ಅದರ ಮೇಲೆ ಇಡಿ. ಎಲ್ಲೆಲ್ಲಿ ಎರಡೂ ಕೂಡಿ ಬರುವುದಿಲ್ಲವೋ ಅಲ್ಲಿ ಗುರುತು ಹಾಕಿ. ಆ ಗುರುತುಗಳು ಘಟ್ಟದ ಅಂಚಿಗೆ, ನದಿಯ ಎರಡು ದಡಗಳಿಗೆ ಸಾಲಾಗಿ ಬಿದ್ದಿವೆಯಾ ನೋಡಿ. ವಾಲ್ಟರ್ ಕ್ರಿಸ್ಟಾಲರ್ 1933ರಲ್ಲಿ ದಕ್ಷಿಣ ಜರ್ಮನಿ ನೋಡಿ ಪೇಟೆಗಳ ಸುತ್ತ ಜೇನುಗೂಡಿನಂಥ ಆರು ಮೂಲೆಯ ಪ್ರದೇಶಗಳ ಲೆಕ್ಕ ಹಾಕಿದರು, ಅದು ಸಮತಟ್ಟು ನೆಲಕ್ಕೆ. ಹಳಿಯಾಳ, ಮುಂಡಗೋಡದ ಕಡೆ ಸ್ವಲ್ಪ ಮಟ್ಟಿಗೆ ಹೊಂದಬಹುದು. ಘಟ್ಟದಲ್ಲಿ ಜನರ ಓಡಾಟ ಕಣಿವೆಯ ಜಾಡು ಹಿಡಿದು ಉದ್ದುದ್ದ ಹೋಗುತ್ತದೆ.

ಹೊತ್ತಿನ ನಕ್ಷೆ

ಈ ಭಾಗಕ್ಕೆ ಸ್ವಲ್ಪ ತಾಳ್ಮೆ ಬೇಕು, ಆದರೆ ಇಡೀ ಕೆಲಸದ ಜೀವ ಇಲ್ಲೇ ಇದೆ.

ಕ್ವಿಕ್‌ಓಎಸ್‌ಎಂ ಪ್ಲಗಿನ್ ಹಾಕಿಕೊಂಡು ನಿಮ್ಮ ತಾಲೂಕಿನ ರಸ್ತೆಗಳನ್ನು ಇಳಿಸಿ, ಅದನ್ನೂ 32643ಕ್ಕೆ ಬದಲಿಸಿ. ರಸ್ತೆಯ ಪಟ್ಟಿಗೆ "ವೇಗ" ಅಂತ ಒಂದು ಕಾಲಂ ಸೇರಿಸಿ. ಹೆದ್ದಾರಿಗೆ ಗಂಟೆಗೆ 50 ಕಿಲೋಮೀಟರ್, ಘಟ್ಟದ ತುಂಡಿಗೆ 25, ಮಣ್ಣು ರಸ್ತೆಗೆ 12, ಹೀಗೆ ಶುರು ಮಾಡಿ. ಈ ಅಂಕಿಗಳು ಶುರುವಿಗೆ ಮಾತ್ರ. ನಿಮ್ಮೂರಿನ ಜೀಪು, ರಿಕ್ಷಾದವರನ್ನು ಕೇಳಿ ಸರಿಪಡಿಸಿ. ನಡೆಯುವ ದಾರಿಗೆ 1892ರಿಂದ ಗುಡ್ಡ ಹತ್ತುವವರು ಬಳಸುವ ನೈಸ್ಮಿತ್ ಲೆಕ್ಕ ಇದೆ: ಪ್ರತಿ 5 ಕಿಲೋಮೀಟರ್‌ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಮಜರೆಯಿಂದ ರಸ್ತೆಗೆ 3 ಕಿಲೋಮೀಟರ್, ನಡುವೆ 300 ಮೀಟರ್ ಏರು ಅಂದರೆ 36 ನಿಮಿಷಕ್ಕೆ 30 ಸೇರಿ 66 ನಿಮಿಷ. ಇದು ಆರೋಗ್ಯವಂತರ ಕಾಲಿನ ಲೆಕ್ಕ. ರೋಗಿಯನ್ನು ಹೊತ್ತು ತರುವವರದ್ದು ಬೇರೆ, ಅದಕ್ಕೆ ಜನ ಹೇಳಿದ ಹೊತ್ತನ್ನೇ ನಂಬಿ.

ಇನ್ನು ಪ್ರೊಸೆಸಿಂಗ್ ಟೂಲ್‌ಬಾಕ್ಸ್‌ನಲ್ಲಿ ನೆಟ್‌ವರ್ಕ್ ಅನಾಲಿಸಿಸ್, ಅದರಲ್ಲಿ ಸರ್ವಿಸ್ ಏರಿಯಾ. ಶಾರ್ಟೆಸ್ಟ್ ಬಿಟ್ಟು ಫಾಸ್ಟೆಸ್ಟ್ ಆರಿಸಿ, ವೇಗದ ಕಾಲಂ ತೋರಿಸಿ, ಹೊತ್ತಿನ ಜಾಗದಲ್ಲಿ 0.5 ಕೊಡಿ. ಅಲ್ಲಿ ಅಳತೆ ಗಂಟೆಯಲ್ಲಿ, 0.5 ಅಂದರೆ ಅರ್ಧ ಗಂಟೆ. ಆಸ್ಪತ್ರೆಯಿಂದ ಅರ್ಧ ಗಂಟೆಯಲ್ಲಿ ಮುಟ್ಟುವ ರಸ್ತೆಗಳೆಲ್ಲ ಬೇರೆಯಾಗಿ ಬರುತ್ತವೆ. ಮತ್ತೆ 1 ಕೊಟ್ಟು ಒಂದು ಗಂಟೆಯದ್ದು ಮಾಡಿ. ರಸ್ತೆಯ ಗೆರೆಗಳು ಒಂದಕ್ಕೊಂದು ಸರಿಯಾಗಿ ಕೂಡಿಲ್ಲದಿದ್ದರೆ ಓಟ ನಡುವೆ ನಿಂತುಬಿಡುತ್ತದೆ, ಹಾಗಾದ ಕಡೆ ಗೆರೆಯ ತುದಿ ಹಿಡಿದು ಎಳೆದು ಕೂಡಿಸಬೇಕು. ತರಿ, ಅಂದರೆ ದೋಣಿಯಲ್ಲಿ ದಾಟುವ ಜಾಗ, ಇರುವ ಕಡೆ ನೀರಿನ ಮೇಲೆ ನೀವೇ ಒಂದು ಗೆರೆ ಎಳೆಯಿರಿ. ದೋಣಿಗೆ ಕಾಯುವ ಹೊತ್ತನ್ನೂ ಸೇರಿಸಿ ಅದರ ವೇಗ ಕಮ್ಮಿ ಕೊಡಿ.

ಆಮೇಲೆ ಕಡತದ ಇನ್ನೊಂದು ಪ್ರತಿ ಮಾಡಿ "ಮಳೆಗಾಲ" ಅಂತ ಹೆಸರಿಡಿ. ಅದರಲ್ಲಿ ಮುಳುಗುವ ಕಾಲುಸಂಕ ಅಳಿಸಿ, ನಿಲ್ಲುವ ದೋಣಿ ಅಳಿಸಿ, ಮಣ್ಣು ರಸ್ತೆಯ ವೇಗ ಇಳಿಸಿ. ಮತ್ತೆ ಓಡಿಸಿ. ಎರಡು ನಕ್ಷೆ ಅಕ್ಕಪಕ್ಕ ಇಟ್ಟಾಗ ಬೇಸಿಗೆಯಲ್ಲಿ ಒಂದು ಗಂಟೆಯ ಒಳಗಿದ್ದ ಯಾವ ಮಜರೆ ಜೂನ್ ಬಂದ ಕೂಡಲೇ ಹೊರಗೆ ಬೀಳುತ್ತದೆ ಅಂತ ಕಾಣುತ್ತದೆ. ಪಂಚಾಯ್ತಿಯಲ್ಲಿ ಯಾವ ಹಳ್ಳಕ್ಕೆ ಮೊದಲು ಸಂಕ ಬೇಕು ಅನ್ನುವ ಚರ್ಚೆ ಬಂದರೆ ಈ ಜೋಡಿ ನಕ್ಷೆಗಿಂತ ಗಟ್ಟಿ ಮಾತು ಇನ್ನೊಂದಿಲ್ಲ.

ಒಂದೊಂದು ಕೊಂಡಿಯನ್ನು ಕಡಿದು ನೋಡುವುದೂ ಕಲಿಯಬೇಕಾದ ಕೆಲಸ. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿದಾಗ ಪಕ್ಕದಲ್ಲಿ ಹೊಸ ಸೇತುವೆ ಇತ್ತು. ಅದೂ ಇಲ್ಲದಿದ್ದರೆ? ಆ ಗೆರೆಯನ್ನು ಅಳಿಸಿ ನದಿಯ ಆಚೆ ದಡದ ಸದಾಶಿವಗಡದಿಂದ ಕಾರವಾರದ ಆಸ್ಪತ್ರೆಗೆ ದಾರಿ ಹುಡುಕಲು ಹೇಳಿ, ತಂತ್ರಾಂಶ ಎಲ್ಲಿಂದ ಸುತ್ತಿಸುತ್ತದೆ ನೋಡಿ. ಅದಕ್ಕಿಂತ ಮೂರು ವಾರ ಮೊದಲು, ಜುಲೈ 16ರಂದು, ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಜರಿಯಿತು. ಮಣ್ಣು ಗಂಗಾವಳಿಗೆ ಬಿತ್ತು, ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ಜೀವಗಳು ಹೋದವು. ರಸ್ತೆಯ ಎರಡೂ ಬದಿಗೆ ಇಷ್ಟು ಮೀಟರ್ ಅಂತ ಬಫರ್ ಹಾಕಿ ಅಪಾಯದ ನಕ್ಷೆ ಮಾಡಿದರೆ ಉಳುವರೆ ಅದರಲ್ಲಿ ಬರುವುದೇ ಅನುಮಾನ. ಗುಡ್ಡ, ರಸ್ತೆ, ನದಿ, ಎದುರು ದಡ, ಇವು ಒಂದಕ್ಕೊಂದು ಹೇಗೆ ಕೂತಿವೆ ಅಂತ ನೆಲದ ಮೇಲೆ ನಿಂತು ನೋಡಬೇಕು.

ಬಣ್ಣ ಹಚ್ಚುವಾಗ

2011ರ ಜನಗಣತಿ ಪ್ರಕಾರ ಜಿಲ್ಲೆಯಲ್ಲಿ 14,37,169 ಜನ. ವಿಸ್ತೀರ್ಣ 10,291 ಚದರ ಕಿಲೋಮೀಟರ್. ಭಾಗಿಸಿದರೆ ಚದರ ಕಿಲೋಮೀಟರಿಗೆ 140 ಜನ, ರಾಜ್ಯದ ಸರಾಸರಿ 319. ಇದನ್ನು ನೋಡಿ "ಇಲ್ಲಿ ಜನ ವಿರಳ" ಅಂತ ಬರೆಯುವವರು ಕಾರವಾರದ ಕೋಡಿಬಾಗದಲ್ಲಿ, ಭಟ್ಕಳದ ಪೇಟೆಯಲ್ಲಿ ಒಮ್ಮೆ ನಡೆದು ಬರಲಿ. ಜಿಲ್ಲೆಯ ದೊಡ್ಡ ಪಾಲು ಕಾಡು. ಜನ ಇರುವುದು ಕರಾವಳಿಯ ಸಣ್ಣ ಪಟ್ಟಿಯಲ್ಲಿ, ಕಣಿವೆಗಳಲ್ಲಿ, ಪೂರ್ವದ ಬಯಲಿನಲ್ಲಿ. ತಾಲೂಕಿಗೊಂದು ಬಣ್ಣ ಹಚ್ಚಿದರೆ ಅಂಕೋಲಾ, ಕುಮಟಾದಂಥ ತಾಲೂಕುಗಳಲ್ಲಿ ಕಡಲ ದಂಡೆಯೂ ಘಟ್ಟದ ಕಾಡೂ ಒಂದೇ ಬಣ್ಣಕ್ಕೆ ಬರುತ್ತವೆ. ಗಡಿ ಎಲ್ಲಿ ಎಳೆದಿದ್ದೀರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ, ಇದು ಭೂಗೋಳದಲ್ಲಿ ಹಳೇ ತಲೆನೋವು. ಗ್ರಾಮ ಮಟ್ಟಕ್ಕೆ ಇಳಿಯಿರಿ, ಸಾಧ್ಯವಾದರೆ ಕಾಡಿನ ಭಾಗವನ್ನು ಕಳೆದು ಉಳಿದ ನೆಲಕ್ಕೆ ಮಾತ್ರ ಲೆಕ್ಕ ಹಾಕಿ.

ಬಣ್ಣ ಹಚ್ಚುವ ನಕ್ಷೆಗೆ ಬರೀ ಎಣಿಕೆ ಕೊಡಬೇಡಿ, ಪ್ರಮಾಣ ಕೊಡಿ. ನೂರಕ್ಕೆ ಎಷ್ಟು, ಚದರ ಕಿಲೋಮೀಟರಿಗೆ ಎಷ್ಟು. ಎಣಿಕೆಯನ್ನೇ ತೋರಿಸಬೇಕು ಅಂದರೆ ದೊಡ್ಡದು ಚಿಕ್ಕದು ವೃತ್ತ ಹಾಕಿ. ಸಿಂಬಾಲಜಿಯಲ್ಲಿ ಗ್ರಾಜುಯೇಟೆಡ್ ಆರಿಸಿದ ಮೇಲೆ ಅಂಕಿಗಳನ್ನು ಹೇಗೆ ತುಂಡು ಮಾಡಬೇಕು ಅಂತ ಕೇಳುತ್ತದೆ. ಈಕ್ವಲ್ ಇಂಟರ್ವಲ್, ಈಕ್ವಲ್ ಕೌಂಟ್, ನ್ಯಾಚುರಲ್ ಬ್ರೇಕ್ಸ್, ಮೂರನ್ನೂ ಒತ್ತಿ ನೋಡಿ. ಅದೇ ಅಂಕಿ, ಮೂರು ಬೇರೆ ಕಥೆ. ನೀವು ಆರಿಸಿದ್ದು ಯಾವುದು, ಯಾಕೆ ಅಂತ ನಕ್ಷೆಯ ಕೆಳಗೆ ಒಂದು ಸಾಲು ಬರೆಯಿರಿ.

ಜನಗಣತಿಯ ಅಂಕಿಯನ್ನು ಗ್ರಾಮದ ನಕ್ಷೆಗೆ ಜೋಡಿಸುವಾಗ ಹೆಸರು ನಂಬಬೇಡಿ, ಗ್ರಾಮದ ಕೋಡ್ ಬಳಸಿ. ಒಂದೇ ಹೆಸರಿನ ಊರು ಎಷ್ಟೋ ಇವೆ, ಇಂಗ್ಲಿಷ್ ಕಾಗುಣಿತ ಒಂದೊಂದು ಇಲಾಖೆಯಲ್ಲಿ ಒಂದೊಂದು ಥರ. ಇನ್ನೊಂದು, 2011ರಲ್ಲಿ ಜಿಲ್ಲೆಯಲ್ಲಿ 11 ತಾಲೂಕು ಇತ್ತು, ದಾಂಡೇಲಿ ಆಗ ಹಳಿಯಾಳದ ಒಳಗೇ ಇತ್ತು. ಈಗಿನ 12 ತಾಲೂಕಿನ ನಕ್ಷೆಗೆ ಹಳೇ ಅಂಕಿ ಸುಮ್ನೆ ಅಂಟಿಸಿದರೆ ದಾಂಡೇಲಿ ಖಾಲಿ ಕಾಣುತ್ತದೆ.

ಸಂತೆಗೆ ಹೋಗಿ

ಕಾರವಾರದ ಭಾನುವಾರದ ಸಂತೆ ಇದಕ್ಕೆ ಒಳ್ಳೆಯ ಜಾಗ. ಬೆಳಿಗ್ಗೆ ಬೇಗ ಹೋಗಿ. ಬೀದಿಯ ಒಂದು ತುದಿಯಿಂದ ಶುರು ಮಾಡಿ ಯಾರು ಏನು ಮಾರುತ್ತಿದ್ದಾರೆ ಅಂತ ಕೈಯಲ್ಲೇ ಒಂದು ಚಿತ್ರ ಬರೆಯಿರಿ. "ಅಮ್ಮಾ, ಯಾವ ಊರಿಂದ ಬಂದ್ರಿ? ಯಾವ ಬಸ್ಸಿಗೆ? ಉಳಿದ ದಿನ ಎಲ್ಲಿ ಮಾರ್ತೀರಿ?" ಇಷ್ಟು ಕೇಳಿದರೆ ಸಾಕು. ವ್ಯಾಪಾರ ಬಿರುಸಾಗಿರುವಾಗ ಮಾತ್ರ ತೊಂದರೆ ಕೊಡಬೇಡಿ, ಒಂದು ಕಟ್ಟು ಸೊಪ್ಪು ತಗೊಂಡು ಮಾತಾಡಿ. ಹಾಲಕ್ಕಿ ಸಮುದಾಯದ ಹೆಂಗಸರು ತಂದ ಸೊಪ್ಪು, ತರಕಾರಿ ಎಷ್ಟು ದೂರದಿಂದ ಬಂತು, ಘಟ್ಟದ ಮೇಲಿಂದ ಬಂದ ಈರುಳ್ಳಿ ಎಷ್ಟು ದೂರದಿಂದ ಬಂತು, ಎರಡನ್ನೂ ಗೆರೆಯಾಗಿ ಎಳೆದು ನೋಡಿ. ಬೇಗ ಬಾಡುವ ಸಾಮಾನು ಹತ್ತಿರದಿಂದ, ತಡೆಯುವ ಸಾಮಾನು ದೂರದಿಂದ ಬರುತ್ತದೆಯಾ? 1826ರಲ್ಲಿ ಫಾನ್ ಥ್ಯೂನೆನ್ ಅನ್ನುವ ಜರ್ಮನ್ ಜಮೀನುದಾರರು ಪೇಟೆಯ ಸುತ್ತ ಯಾವ ಬೆಳೆ ಎಷ್ಟು ದೂರದಲ್ಲಿ ಅಂತ ಹಾಕಿದ ಲೆಕ್ಕವನ್ನು ನಿಮ್ಮ ಸಂತೆಯಲ್ಲೇ ಪರೀಕ್ಷೆ ಮಾಡಿದ ಹಾಗಾಯಿತು. ಕೊಳ್ಳುವವರಲ್ಲಿ ಗೋವಾದಿಂದ ಬಂದವರು ಎಷ್ಟು ಅಂತಲೂ ಕೇಳಿ, ರಾಜ್ಯದ ಗಡಿ ಸಂತೆಗೆ ಲೆಕ್ಕವೇ ಅಲ್ಲ ಅಂತ ಗೊತ್ತಾಗುತ್ತದೆ.

ತಿಂಗಳು ಬದಲಾದರೆ ನಕ್ಷೆಯೂ ಬದಲಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಆಗ ಸಂತೆಯಲ್ಲಿ ಒಣಮೀನು ಎಲ್ಲಿಂದ ಬಂತು ಅಂತ ಕೇಳುವುದಕ್ಕೂ ಅಕ್ಟೋಬರಿನಲ್ಲಿ ಹಸಿಮೀನು ಎಲ್ಲಿಂದ ಬಂತು ಅಂತ ಕೇಳುವುದಕ್ಕೂ ಉತ್ತರ ಬೇರೆ. ಮೇ ತಿಂಗಳಲ್ಲಿ ಅಂಕೋಲೆಯ ಕರಿ ಇಶಾಡ ಮಾವು ಬಂದಾಗ ಇನ್ನೊಂದು ಚಿತ್ರ.

ಉಪಗ್ರಹ ಚಿತ್ರಕ್ಕೂ ಇದೇ ಮಾತು. ಇಸ್ರೋದ ಭುವನ್ 2009ರಿಂದ ಇದೆ, ಗೂಗಲ್ ಅರ್ಥ್ ಪ್ರೊ ಉಚಿತ, ಅದರಲ್ಲಿ ಹಳೇ ವರ್ಷಗಳ ಚಿತ್ರಕ್ಕೂ ಹಿಂದೆ ಹೋಗಬಹುದು. ಅಘನಾಶಿನಿಯ ಗಜನಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಬಯಲು, ನೋಡಿ. ಮಳೆಗಾಲದಲ್ಲಿ ಕಗ್ಗ ಭತ್ತ ಇದ್ದ ನೆಲ ಆಮೇಲೆ ಉಪ್ಪುನೀರಿನ ಹೊಂಡ, ಸಿಗಡಿ, ಮೀನು. ಬೇಸಿಗೆಯ ಒಂದೇ ಚಿತ್ರ ನೋಡಿ "ಇದು ಪಾಳು ನೆಲ" ಅಂತ ಬರೆದರೆ ಇಡೀ ಕೇರಿಯ ಅನ್ನವನ್ನೇ ನಕ್ಷೆಯಿಂದ ಅಳಿಸಿದ ಹಾಗೆ. ಶಿರಸಿ, ಸಿದ್ದಾಪುರದ ಕಡೆ ಕಣಿವೆಯ ತಳದಲ್ಲಿ ಅಡಿಕೆ ತೋಟ, ಸುತ್ತ ಇಳಿಜಾರಿನಲ್ಲಿ ಸೊಪ್ಪಿನ ಬೆಟ್ಟ, ಎರಡರ ನಡುವಿನ ಅಂಚಿನಲ್ಲಿ ಮನೆ. ಮೇಲಿನಿಂದ ಬೆಟ್ಟ ಬರೀ ಕಾಡಿನ ಹಾಗೆ ಕಾಣುತ್ತದೆ. ತೋಟಕ್ಕೆ ಸೊಪ್ಪು, ಗೊಬ್ಬರ ಅಲ್ಲಿಂದ ಬರುತ್ತದೆ ಅಂತ ಮನೆಯವರನ್ನು ಕೇಳಿದರೆ ಮಾತ್ರ ತಿಳಿಯುತ್ತದೆ.

ಊರವರ ಕೈಯಲ್ಲೇ ನಕ್ಷೆ ಬರೆಸಿ. ಖಾಲಿ ಹಾಳೆ ಕೊಟ್ಟು "ನಿಮ್ಮೂರು ಬರೆಯಿರಿ" ಅನ್ನಿ, ಗಂಡಸರ ಗುಂಪು ಬೇರೆ, ಹೆಂಗಸರ ಗುಂಪು ಬೇರೆ, ಮಕ್ಕಳು ಬೇರೆ. ನೀರಿನ ಬಾವಿ, ಸೌದೆ ತರುವ ದಾರಿ, ಹೆದರಿಕೆಯ ತಿರುವು, ಯಾರ ಹಾಳೆಯಲ್ಲಿ ಏನು ದೊಡ್ಡದಾಗಿದೆ, ಏನು ಇಲ್ಲವೇ ಇಲ್ಲ ಅಂತ ಹೋಲಿಸಿ. ಸಾಧ್ಯವಾದರೆ ಆ ಜಾಗಗಳಿಗೆ ಅವರ ಜತೆಗೇ ನಡೆದು ಹೋಗಿ ಜಿಪಿಎಸ್ ಗುರುತು ತಗೊಳ್ಳಿ.

ಯಾವುದನ್ನು ಹಾಕಬಾರದು

ನಕ್ಷೆಯಿಂದ ಜನರಿಗೆ ತೊಂದರೆಯೂ ಆಗಬಹುದು. ಯಾವ ಮನೆಯಲ್ಲಿ ಯಾವ ಕಾಯಿಲೆ, ಯಾರು ಒಬ್ಬರೇ ಇರುತ್ತಾರೆ, ಇಂಥದ್ದನ್ನು ಮನೆಯ ಚುಕ್ಕೆಯಾಗಿ ಎಂದೂ ಹಾಕಬೇಡಿ, ಮಜರೆಯ ಒಟ್ಟು ಅಂಕಿಯಾಗಿ ಹಾಕಿ. ನಮ್ಮ ಜಿಲ್ಲೆಯಲ್ಲಿ ಅರಣ್ಯ ಅತಿಕ್ರಮಣದ ವಿಷಯ ಎಷ್ಟು ಸೂಕ್ಷ್ಮ ಅಂತ ಹೇಳಬೇಕಾಗಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕುವವರು 2005ರ ಡಿಸೆಂಬರ್ 13ಕ್ಕಿಂತ ಮೊದಲಿಂದ ಆ ನೆಲದಲ್ಲಿ ಇದ್ದದ್ದನ್ನು ತೋರಿಸಬೇಕು, ಬುಡಕಟ್ಟಿನವರಲ್ಲದವರು 75 ವರ್ಷದ ವಾಸವನ್ನೂ ತೋರಿಸಬೇಕು. ಅವರಿಗೆ ಒಳ್ಳೆಯ ನಕ್ಷೆ ಆಧಾರವಾಗಬಹುದು. ಅದೇ ನಕ್ಷೆ ಅವರನ್ನು ಕೇಳದೆ ಹೊರಗೆ ಹೋದರೆ ಅವರ ವಿರುದ್ಧವೂ ಬಳಕೆಯಾಗಬಹುದು. ಗಡಿ ಗುರುತಿಸುವ ಮೊದಲು ಕೇಳಿ, ಬೇಡ ಅಂದರೆ ಬಿಡಿ. ಅರಗಾದ ನೌಕಾನೆಲೆ, ಕೈಗಾ ಅಣುಸ್ಥಾವರದ ಸುತ್ತಮುತ್ತ ಡ್ರೋನ್ ಹಾರಿಸುವ ಯೋಚನೆಯೂ ಬೇಡ.

ನಕ್ಷೆ ಮುಗಿದ ಮೇಲೆ ಎ3 ಹಾಳೆಯಲ್ಲಿ ಮುದ್ರಿಸಿ, ಮಾಹಿತಿ ಕೊಟ್ಟ ಮಜರೆಗಳಿಗೇ ಮೊದಲು ತೆಗೆದುಕೊಂಡು ಹೋಗಿ. ತಪ್ಪು ಇದ್ದರೆ ಅವರೇ ಪೆನ್ನಿನಲ್ಲಿ ತಿದ್ದಲಿ, ತಿದ್ದಿದ್ದನ್ನು ಕಡತದಲ್ಲಿ ಸರಿಮಾಡಿ, ಆಮೇಲೆ ಗ್ರಾಮಸಭೆಗೆ ಕೊಡಿ. ಮೂಲೆಯಲ್ಲಿ ಅಳತೆಪಟ್ಟಿ, ಉತ್ತರ ದಿಕ್ಕಿನ ಗುರುತು, ಅಂಕಿ ಎಲ್ಲಿಂದ ಬಂತು, ಯಾವ ತಿಂಗಳಲ್ಲಿ ತಗೊಂಡಿದ್ದು, ಇಷ್ಟು ಇರಲೇಬೇಕು. ಮಜರೆಗಳ ಹೆಸರನ್ನು, ಊರವರು ಒಪ್ಪಿದರೆ, ಓಪನ್‌ಸ್ಟ್ರೀಟ್‌ಮ್ಯಾಪ್‌ಗೂ ಸೇರಿಸಿ. ಖಾತೆ ತೆರೆಯುವುದು ಉಚಿತ. ಕನ್ನಡದ ಹೆಸರಿಗೇ ಬೇರೆ ಜಾಗ ಇದೆ, ಊರವರು ಕರೆಯುವ ಹಾಗೇ ಬರೆಯಿರಿ. ಕಾಲುಸಂಕ, ತರಿಗಳನ್ನೂ ಅದರಲ್ಲೇ ಹಾಕಿದರೆ ಮುಂದಿನ ಸಲ ಬೇರೆಯವರು ದಾರಿ ಲೆಕ್ಕ ಹಾಕುವಾಗ ನೀವು ಮಾಡಿದ ಕೆಲಸವನ್ನು ಮತ್ತೆ ಮೊದಲಿಂದ ಮಾಡಬೇಕಾಗಲ್ಲ.